ಎತ್ತಿನ ಆಯದ ರೆಕ್ಕೆ

ನವೆಂಬರ್ 4, ಸೋಮವಾರ

ದೇವದುರ್ಗ, ಮಾನ್ವಿ, ರಾಯಚೂರು ಅಂತ ಮೂವತ್ತು ವರ್ಷ ಬಸ್ಸು ಓಡಿಸಿ ಮೊನ್ನೆ ನಿವೃತ್ತನಾದೆ. ಡಿಪೋದವರು ಶಾಲು ಹೊದಿಸಿ ಒಂದು ಗೋಡೆ ಗಡಿಯಾರ ಕೊಟ್ಟರು. ಕೆಲಸ ಇದ್ದಾಗ ಕೊಡಬೇಕಾದ ವಸ್ತುವನ್ನು ಕೆಲಸ ಹೋದ ಮೇಲೆ ಕೊಡುತ್ತಾರೆ. ಇವತ್ತೂ ನಸುಕಿನಲ್ಲೇ ಎಚ್ಚರವಾಯಿತು. ಸ್ನಾನ ಮಾಡಿ ಬಂದು ಖಾಕಿ ಅಂಗಿ ಹುಡುಕಿದೆ. ಹಂಪಮ್ಮ ಅದನ್ನು ಒಗೆದು ಮಡಚಿ ಟ್ರಂಕಿನ ತಳಕ್ಕೆ ಹಾಕಿದ್ದಾಳೆ. ಹೆಂಡತಿಗೆ ನನ್ನ ನಿವೃತ್ತಿ ನನಗಿಂತ ಮೊದಲು ಅರ್ಥವಾಗಿದೆ.

ದಿನಾ ಲಾಗ್‌ಶೀಟ್ ತುಂಬಿ ರೂಢಿಯಾದ ಕೈ. ಬರೆಯದೆ ಮಲಗಿದರೆ ಗಾಡಿಯನ್ನು ದಾರಿಯಲ್ಲೇ ಬಿಟ್ಟು ಬಂದ ಹಾಗೆ ಅನಿಸುತ್ತದೆ. ಅದಕ್ಕೆ ಈ ಡೈರಿ. ಇದನ್ನು ಯಾರೂ ಓದುವುದು ಬೇಡ.

ನವೆಂಬರ್ 11, ಸೋಮವಾರ

ಮಗ ಅಂಬರೇಶನ ಔಷಧಿ ಅಂಗಡಿಗೆ ಹೋಗಿ ಕೂತೆ. ಸಂಜೆ ಅವನು, ಗಿರಾಕಿಗಳಿಗೆ ಬೈಯಬೇಡ್ರಿ ಅಂದ. ನಾನು ಬೈದಿರಲಿಲ್ಲ. ಸಾಲಾಗಿ ನಿಲ್ಲಿರಿ, ಚಿಲ್ಲರೆ ಕೈಯಲ್ಲಿ ಹಿಡಿದುಕೊಳ್ಳಿರಿ ಅಂದಿದ್ದೆ, ಅಷ್ಟೆ. ನಾಳೆಯಿಂದ ಹೋಗುವುದಿಲ್ಲ. ಬರೆಯಲು ಬೇರೇನೂ ಇಲ್ಲ.

ನವೆಂಬರ್ 17, ರವಿವಾರ

ಊಟದ ಹೊತ್ತಿನಲ್ಲಿ ಸೊಸೆ ಸವಿತಾ ಒಂದು ಮಾತು ಹೇಳಿದಳು. ಉಂಡದ್ದು ಇನ್ನೂ ಎದೆಯಲ್ಲೇ ನಿಂತಿದೆ.

ಸವಿತಾ ಮಾನ್ವಿಯ ಐಟಿಐಯಲ್ಲಿ ಫಿಟ್ಟರ್ ಕೆಲಸ ಕಲಿಸುವ ಮೇಡಂ. ಮದುವೆಗೆ ಮುಂಚೆ ಹೈದರಾಬಾದಿನಲ್ಲಿ ಸಣ್ಣ ವಿಮಾನ ರಿಪೇರಿ ಮಾಡುವ ಶೆಡ್ಡಿನಲ್ಲಿದ್ದಳು. ಈಗಲೂ ರಜೆ ಸಿಕ್ಕಾಗ ಅಲ್ಲಿಗೆ ಹೋಗಿ ಹಾರಿಸುವುದನ್ನು ಕಲಿಯುತ್ತಾಳೆ. ಅದು ನನಗೆ ಗೊತ್ತಿತ್ತು. ಬೇರೆ ಸೊಸೆಯಂದಿರು ರಜೆಯಲ್ಲಿ ತವರಿಗೆ ಹೋಗುತ್ತಾರೆ, ಇವಳು ಮೇಲೆ ಹೋಗುತ್ತಾಳೆ ಅಂತ ಸುಮ್ಮನಿದ್ದೆ. ಈಗ ತಾನೇ ಒಂದು ವಿಮಾನ ಕಟ್ಟುತ್ತಾಳಂತೆ. ಮರದ್ದು, ಮೇಲೆ ಬಟ್ಟೆ ಹೊದಿಸಿದ್ದು, ಇಬ್ಬರು ಕೂರುವಂಥದ್ದು. ನಕ್ಷೆಯೂ ಬಂದಿದೆ. ಅಂಬರೇಶ ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದ. ಮಾಳಿಗೆಯ ಏಣಿ ಹತ್ತಲು ಹೆದರುವ ಮನುಷ್ಯ. ಅವನಿಗೆ ಎಲ್ಲ ಮೊದಲೇ ಗೊತ್ತಿದೆ, ಕಳ್ಳ.

ಆಮೇಲೆ ನನ್ನ ಕಡೆ ತಿರುಗಿದಳು.

"ದೇವದುರ್ಗದ ಹೊಲ ಉದ್ದಕ್ಕ ಅದ ಮಾವಾ. ನಡುವಿನ ಪಟ್ಟಿ ಕೊಟ್ರ ಸಾಕು. ಇಳಿಯಾಕ ಜಾಗ ಗೊತ್ತಾಗೂತನಕಾ ದೊಡ್ಡ ಕೆಲಸಕ್ಕ ಕೈ ಹಚ್ಚಬ್ಯಾಡ ಅಂತ ಹೈದರಾಬಾದಿನ ಇಂಜಿನಿಯರ್ ಸಾಹೇಬ್ರು ಹೇಳ್ಯಾರ."

ಆ ಹೊಲ ನನ್ನ ಅಣ್ಣನ ಮಗ ಶಿವರಾಜನಿಗೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟದ್ದು. ವರ್ಷವರ್ಷ ಯುಗಾದಿಗೆ ಲಾವಣಿ ಮಾತು ಹೊಸದಾಗಿ ಆಗಬೇಕು. ಯುಗಾದಿಗೆ ಹೇಳುತ್ತೇನೆ ಎಂದೆ. ನಮ್ಮ ಮನೆಯಲ್ಲಿ ಹಾಗೆಂದರೆ ಇಲ್ಲ ಅಂತಲೇ ಅರ್ಥ. ಅವಳು ಮಾತ್ರ ಹೂಂ ಎಂದವರಿಗೆ ಬಡಿಸಿದಂತೆ ಖುಷಿಯಿಂದ ಮಜ್ಜಿಗೆ ಬಡಿಸಿದಳು.

ನವೆಂಬರ್ 18, ಸೋಮವಾರ

ಗಾಡಿ ಕೆಟ್ಟರೆ ಬದಿಗೆ ಹಚ್ಚಬೇಕು. ಮೇಲೆ ಬದಿ ಎಲ್ಲಿದೆ? ರಿವರ್ಸ್ ಗೇರ್ ಇಲ್ಲವಂತೆ. ಹಾರ್ನ್ ಇದೆಯಾ ಅಂತ ಕೇಳಿದೆ, ಅದೂ ಇಲ್ಲವಂತೆ. ಹಾರ್ನ್ ಇಲ್ಲದ ಗಾಡಿಯನ್ನು ರಾಯಚೂರು ಜಿಲ್ಲೆಯಲ್ಲಿ ಓಡಿಸುತ್ತೇನೆ ಅನ್ನುವವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ.

ಡಿಸೆಂಬರ್ 5, ಗುರುವಾರ

ರಾಯಚೂರಿನ ಮನೆಯಿಂದ ಮಾನ್ವಿಗೆ ಹೋಗಿ ಬಂದೆ. ಸವಿತಾಳಿಗೆ ಕೆಲಸ ಮಾಡಲು ಉದ್ದನೆಯ ಸೂರು ಬೇಕು. ಸತ್ತಾರ್ ಸಾಬರನ್ನು ಒಂದು ಮಾತು ಕೇಳಿ ಅಂದಳು. ಸತ್ತಾರ್ ಸಾಬ್ ನನ್ನ ಗಾಡಿಯ ಕಂಡಕ್ಟರ್. ಅವನ ಸೀಟಿ ಕೇಳದೆ ನನ್ನ ಕಾಲು ಕ್ಲಚ್ ಬಿಟ್ಟದ್ದಿಲ್ಲ. ಈಗ ಮಾನ್ವಿಯಲ್ಲಿ ಅಳಿಯನ ಅಕ್ಕಿ ಗಿರಣಿಯ ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸುತ್ತಾನೆ. ಜಾಗ ಇಲ್ಲ ಅಂತ ಅವನೇ ಹೇಳಿದರೆ ಇಲ್ಲ ಅಂದ ಕೆಟ್ಟ ಹೆಸರು ನನಗೆ ಬರುವುದಿಲ್ಲ ಅಂತ ಒಳಗೊಳಗೇ ಎಣಿಸಿಕೊಂಡು ಹೋಗಿದ್ದೆ.

ಅವನು ಪೂರಾ ಕೇಳಿಸಿಕೊಂಡ. ಹಿಂದಿನ ಗೋದಾಮು ಖಾಲಿ ಬಿದ್ದಿದೆ, ಬೀಗದ ಕೈ ತಗೊಳ್ಳಿ ಅಂದ. ಜೊತೆಗೆ ಒಂದು ಷರತ್ತು ಹಾಕಿದ.

"ಕಂಡಕ್ಟರ್ ಇಲ್ದ ಗಾಡಿ ಬಿಡಬ್ಯಾಡ್ರಿ ಡ್ರೈವರ್ ಸಾಬ್. ಟಿಕೇಟ್ ನಾನೇ ಹರೀತೀನಿ."

ಬೀಗದ ಕೈ ಕಿಸೆಯಲ್ಲಿ ಹಾಕಿಕೊಂಡು ವಾಪಸು ಬಂದೆ. ಗೋದಾಮು ಚೆನ್ನಾಗಿದೆ. ಹೆಗ್ಗಣದ ಬಿಲ ಒಂದಿದೆ, ಮುಚ್ಚಿಸಬೇಕು.

ಡಿಸೆಂಬರ್ 30, ಸೋಮವಾರ

ಎಳ್ಳಮಾವಾಸ್ಯೆ. ಎಲ್ಲರೂ ದೇವದುರ್ಗದ ಹೊಲಕ್ಕೆ ಹೋಗಿದ್ದೆವು. ಹಂಪಮ್ಮ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಮಾಡಿ ಬುಟ್ಟಿ ತುಂಬಿಸಿದ್ದಳು. ಸವಿತಾ ಅತ್ತೆಯ ಹಿಂದೆ ಹೊಲದ ಸುತ್ತ ಭೂತಾಯಿಗೆ ಎಡೆಯ ಚರಗ ಚೆಲ್ಲಿದಳು, ಉಂಡಳು, ಆಮೇಲೆ ಸೀರೆ ಸಿಕ್ಕಿಸಿಕೊಂಡು ಈ ಬದುವಿನಿಂದ ಆ ಬದುವಿನ ತನಕ ಹೆಜ್ಜೆ ಹಾಕತೊಡಗಿದಳು. ತೊಗರಿ ಕಟ್ಟಿಗೆಗೆ ಹಳೇ ಬಟ್ಟೆ ಕಟ್ಟಿ ನೆಟ್ಟು ಗಾಳಿ ಯಾವ ಕಡೆಯದು ಅಂತ ನೋಡಿದಳು. ಶಿವರಾಜ ಅದು ಬೆದರುಬೊಂಬೆಯಾ ಅಂತ ಕೇಳಿದ.

ಅವಳಿಗೆ ಹೊಲ ಗೊತ್ತಿಲ್ಲ. ಮಸಾರಿಯ ಕೆಂಪು ಭೂಮಿ ಗಟ್ಟಿ ಅನ್ನುವುದು ನಿಜ, ಆದರೆ ಮೂಡಲ ಕಡೆ ಮಳೆಗಾಲದಲ್ಲಿ ನೀರು ನಿಂತು ಗಾಲಿ ಹೂತುಬಿಡುತ್ತದೆ. ಅಲ್ಲಿ ಗರಸು ಮಣ್ಣು ಹಾಕಿ ಎತ್ತರಿಸಬೇಕು, ಬೇವಿನ ಗಿಡದಿಂದ ಪಟ್ಟಿಯನ್ನು ಇತ್ತ ಸರಿಸಬೇಕು ಅಂತ ಹೇಳಿದೆ. ತಿಳಿದವರು ಹೇಳಬೇಕಾದ ಮಾತು ಹೇಳಿದೆ ಅಷ್ಟೆ. ಹೊಲ ಕೊಡುತ್ತೇನೆ ಅಂತ ಎಲ್ಲೂ ಹೇಳಿಲ್ಲ.

ಜನವರಿ 12, ರವಿವಾರ

ಈಗ ದಿನಾ ಬೆಳಗಿನ ಮೊದಲ ಬಸ್ಸಿಗೆ ಮಾನ್ವಿಗೆ ಹೋಗುತ್ತೇನೆ. ಮನೆಯಲ್ಲಿ ಕೂತು ಏನು ಮಾಡಲಿ. ಸವಿತಾ ಐಟಿಐ ಬಿಟ್ಟ ಮೇಲೆ ಗೋದಾಮಿಗೆ ಬರುತ್ತಾಳೆ. ಅಲ್ಲಿಯ ತನಕ ಬಡಿಗೇರ ಈರಯ್ಯನನ್ನು ನೋಡಿಕೊಳ್ಳಲು ಯಾರಾದರೂ ಇರಬೇಕಲ್ಲ.

ಈರಯ್ಯ ಸಿರವಾರದವನು. ಬಾಗಿಲು, ಚೌಕಟ್ಟು, ಬಂಡಿ ಮಾಡುವ ಮನೆತನ. ರೆಕ್ಕೆಯ ನಡುವೆ ಉದ್ದಕ್ಕೆ ಹೋಗುವ ಮರಕ್ಕೆ ಸವಿತಾ ಸ್ಪಾರ್ ಅನ್ನುತ್ತಾಳೆ, ಅವನು ತೊಲಿ ಅನ್ನುತ್ತಾನೆ. ಇಡೀ ರೆಕ್ಕೆಯ ಭಾರ ಅದರ ಮೇಲೆ. ಹೊಲದ ಮಾತು ತೀರ್ಮಾನವಾಗುವ ತನಕ ಇದೊಂದೇ ಕೆಲಸವಂತೆ. ತೆಳ್ಳಗಿನ ಪಟ್ಟಿಗಳನ್ನು ಅಂಟಿನಿಂದ ಒಂದರ ಮೇಲೊಂದು ಕೂಡಿಸಿ ಮಾಡಬೇಕು. ಒತ್ತಿ ಹಿಡಿಯುವ ಕ್ಲಾಂಪುಗಳನ್ನು ನಾನು ತಿರುಗಿಸುತ್ತೇನೆ. ಸ್ಟೇರಿಂಗ್ ಹಿಡಿದ ತೋಳು ಇನ್ನೂ ಕೆಲಸಕ್ಕೆ ಬರುತ್ತದೆ.

ಇವತ್ತು ಸವಿತಾ ಚಹಾ ತರಲು ಹೋದಾಗ ಈರಯ್ಯ ನನ್ನ ತೋಳು ಹಿಡಿದು ಹುರಿಯಿಂದ ಅಳೆದುಕೊಂಡ. ಮನೆಯ ಯಜಮಾನನ ತೋಳಿನ ಲೆಕ್ಕದಲ್ಲಿ ರೆಕ್ಕೆಯ ಉದ್ದ ಅಗಲ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದದ್ದು ಎಷ್ಟು ಅಂತ ನೋಡಿದ. ಮನೆ ಕಟ್ಟುವಾಗ ಎಲ್ಲರೂ ಆಯ ನೋಡಿಸುತ್ತಾರೆ. ಒಂದು ಉಳಿದರೆ ಧ್ವಜದ ಆಯ, ಐದು ಉಳಿದರೆ ಎತ್ತಿನ ಆಯ, ಒಳ್ಳೆಯದು. ಏನೂ ಉಳಿಯದಿದ್ದರೆ ಕಾಗೆಯ ಆಯ. ಕಾಗೆಯ ಆಯದ ಮನೆಯಲ್ಲಿ ಮಂದಿ ನಿಲ್ಲುವುದಿಲ್ಲ ಅನ್ನುತ್ತಾರೆ.

ಏನೂ ಉಳಿಯಲಿಲ್ಲ. ಈರಯ್ಯ ಬೀಡಿ ಹಚ್ಚದೆ ಹಾಗೇ ಬಾಯಲ್ಲಿಟ್ಟುಕೊಂಡು ಕೂತ. ಮೇಡಂ ಅವರಿಗೆ ಹೇಳಬೇಡ್ರಿ, ನಗುತ್ತಾರೆ ಅಂದ.

ಫೆಬ್ರವರಿ 4, ಮಂಗಳವಾರ

ತೊಲೆಯ ತುದಿ ಕತ್ತರಿಸುವ ಕೆಲಸ ಇತ್ತು. ಸವಿತಾ ಐಟಿಐಯಲ್ಲಿ ಪಾಠ ಮಾಡುತ್ತಿದ್ದಳು. ಈರಯ್ಯ ಗರಗಸ ಹಿಡಿದು ನನ್ನ ಮುಖ ನೋಡಿದ. ನಾಲ್ಕು ಬೆರಳು ಕಡಿಮೆ ಮಾಡಿದರೆ ಕಾಗೆ ಹೋಗಿ ಎತ್ತು ಬರುತ್ತದೆ, ಯಜಮಾನರು ನೀವು, ಹೇಳಿರಿ ಅಂದ.

ಹೂಂ ಅಂದೆ. ನಾಲ್ಕು ಬೆರಳು ಯಾವ ಲೆಕ್ಕ.

ಫೆಬ್ರವರಿ 9, ರವಿವಾರ

ಲೆಕ್ಕಕ್ಕೆ ಬಂತು. ಸವಿತಾ ಟೇಪು ಹಿಡಿದಳು, ಮತ್ತೆ ಹಿಡಿದಳು, ನಕ್ಷೆ ನೋಡಿದಳು. ಈರಯ್ಯ ನೆಲ ನೋಡಿದ. ಯಾರು ಹೇಳಿದ್ದು ಅಂತ ಅವಳು ಕೇಳುವ ಮೊದಲೇ ನಾನು ಹೇಳಿದ್ದು ಎಂದೆ. ಗಾಡಿಗೆ ಏನೇ ಆದರೂ ಡ್ರೈವರನೇ ಜವಾಬ್ದಾರ.

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಮುಗಿಸುತ್ತಿದ್ದೆ. ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದಳು.

ಫೆಬ್ರವರಿ 11, ಮಂಗಳವಾರ

ಚಹಾ ಕೊಟ್ಟಳು. ಮಾವಾ ಅನ್ನಲಿಲ್ಲ.

ಫೆಬ್ರವರಿ 13, ಗುರುವಾರ

ಮಾನ್ವಿಯಿಂದ ಬರುವಾಗ ಒಂದೇ ಸೀಟಿನಲ್ಲಿ ಕೂತೆವು. ಬೇರೆ ಸೀಟು ಖಾಲಿ ಇರಲಿಲ್ಲ, ಇದ್ದಿದ್ದರೆ ಅಲ್ಲಿ ಕೂರುತ್ತಿದ್ದಳು. ಕಲ್ಲೂರು ದಾಟುವ ತನಕ ನಾನು ಮುಂದಿನ ಸೀಟಿನ ಸರಳು ಹಿಡಿದುಕೊಂಡೇ ಇದ್ದೆ. ಆಮೇಲೆ ಹೇಳಿಬಿಟ್ಟೆ.

"ನನಗ ಅಂಜಿಕಿ ಆಗ್ತದ ಯವ್ವಾ. ಎತ್ತಿನ ಆಯ ಆದ್ರ ನೆಲ ಬಿಟ್ಟು ಭಾಳ ಮ್ಯಾಲ ಹೋಗೂದಿಲ್ಲ ಅಂತ ಮಾಡಿದ್ದೆ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಅಳುತ್ತಾಳೋ ನಗುತ್ತಾಳೋ ತಿಳಿಯಲಿಲ್ಲ.

"ಅಂಜಿಕಿ ನನಗೂ ಅದ ಮಾವಾ. ಅದಕ್ಕೇ ಅಳತಿ ಹಿಡಿದು ಮಾಡಾಕತ್ತೀನಿ. ನೀವು ಅಂಜಿಕಿ ಮುಚ್ಚಿಟ್ಟು ಅಳತಿ ಕೆಡಿಸಿದ್ರಿ."

ಮೂವತ್ತು ವರ್ಷದಲ್ಲಿ ಒಂದು ಕೋಳಿಯನ್ನೂ ತುಳಿಸದ ನನಗೆ ಈ ಮಾತು ನಾಟಿತು. ತಪ್ಪು ನನ್ನದೇ. ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಅವಳೇ ಇನ್ನೊಂದು ವಿಷಯ ಹೇಳಿದಳು. ಒಂದು ತೊಲೆಗೆ ಮುರಿಯುವ ತನಕ ಭಾರ ಹಾಕಿ ನೋಡು ಅಂತ ಇಂಜಿನಿಯರ್ ಸಾಹೇಬರು ಹೇಳುತ್ತಲೇ ಇದ್ದರಂತೆ. ಕೈಯಾರೆ ಮಾಡಿದ್ದನ್ನು ಮುರಿಯಲು ಇವಳಿಗೆ ಮನಸ್ಸು ಬಂದಿರಲಿಲ್ಲ. ಈಗ ನಾಲ್ಕು ಬೆರಳು ಗಿಡ್ಡ ಇರುವ ಒಂದು ತೊಲೆ ಕೈಯಲ್ಲಿದೆ, ಅದನ್ನೇ ಮುರಿಯೋಣ ಅಂದಳು. ಮಾವಾ ಅಂದಳು. ಬಸ್‌ಸ್ಟ್ಯಾಂಡಿನಲ್ಲೇ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಮನೆಗೆ ಹೋದೆವು.

ಫೆಬ್ರವರಿ 16, ರವಿವಾರ

ಹೊಸ ತೊಲೆ ನಕ್ಷೆಯ ಅಳತೆಗೇ ಆಗಬೇಕು ಅಂತ ಸವಿತಾ ಹೇಳಿದಾಗ ಈರಯ್ಯ ಉಳಿ ಕೆಳಗಿಟ್ಟ. ಕಾಗೆಯ ಆಯಕ್ಕೆ ತನ್ನ ಕೈ ಬರುವುದಿಲ್ಲ, ಬೇರೆ ಬಡಿಗೇರನನ್ನು ನೋಡಿಕೊಳ್ಳಿ ಅಂದ. ಸವಿತಾ ಏನು ಹೇಳಿದರೂ ಕೇಳಲಿಲ್ಲ. ಗಲ್ಲೆ ಬಿಟ್ಟು ಎದ್ದು ಬಂದ ಸತ್ತಾರ್ ಸಾಬ್ ಗೋಡೆಗೆ ಒರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ.

"ಮನಿ ಹಾರಬಾರದ್ರೀ, ಅದಕ್ಕ ಕಾಗಿ ಬ್ಯಾಡ. ಇದು ಹಾರಬೇಕು. ಎತ್ತು ಎಲ್ಲ್ಯರ ಹಾರಿದ್ದು ನೋಡೀರೇನು ಈರಯ್ಯ?"

ಈರಯ್ಯ ಹುರಿ ತೆಗೆದು ಬೆರಳಿಗೆ ಸುತ್ತಿದ, ಬಿಚ್ಚಿದ. ಆಮೇಲೆ ಅವನ ಮುಖ ಮೆಲ್ಲಗೆ ಅರಳಿತು. ಅವರಪ್ಪ, ಅವರ ಅಜ್ಜ ಜೀವಮಾನವೆಲ್ಲ ಕಾಗೆಯನ್ನು ತಪ್ಪಿಸಿ ತಪ್ಪಿಸಿ ಅಳೆದವರು. ಬೇಕಂತಲೇ ಕಾಗೆಯ ಆಯಕ್ಕೆ ಕೆಲಸ ಮಾಡುವ ಭಾಗ್ಯ ಅವರ ವಂಶದಲ್ಲಿ ಯಾರಿಗೂ ಬಂದಿಲ್ಲವಂತೆ. ಮಧ್ಯಾಹ್ನದೊಳಗೆ ಹೊಸ ಪಟ್ಟಿಗಳಿಗೆ ಗುರುತು ಹಾಕಿದ. ಹಾಡು ಗುನುಗುತ್ತಿದ್ದ. ಕೊರಳು ಚೆನ್ನಾಗಿಲ್ಲ.

ಮಾರ್ಚ್ 16, ರವಿವಾರ

ಇವತ್ತಿನದನ್ನು ಬಿಡದೆ ಬರೆಯಬೇಕು.

ಗಿಡ್ಡ ತೊಲೆಯ ಬುಡವನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು ಗಾಳಿಯಲ್ಲಿ ಅಡ್ಡ ನಿಲ್ಲಿಸಿದ್ದೆವು. ಕೆಳಗೆ ಹೊಟ್ಟಿನ ಮೂಟೆ ಹಾಸಿತ್ತು. ಹಾರುವಾಗ ಗಾಳಿ ಕೆಳಗಿನಿಂದ ಎತ್ತುವ ಭಾರವನ್ನು ನಾವು ಮೇಲಿನಿಂದ ಅಕ್ಕಿ ಚೀಲ ಹೇರಿ ನೋಡಬೇಕು, ಅದಕ್ಕೆ ತೊಲೆಯನ್ನು ತಲೆಕೆಳಗು ಮಾಡಿ ಕಟ್ಟಿದ್ದು. ಈರಯ್ಯ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ. ಬಲಿ ಕೊಡುವ ಮುಂಚೆ ಮಾಡುವ ಹಾಗೆ ಮಾಡಬೇಡ ಮಾರಾಯ ಎಂದೆ. ಗಿರಣಿಯ ಹಮಾಲರೆಲ್ಲ ರವಿವಾರದ ರಜೆ ಬಿಟ್ಟು ಬಂದಿದ್ದರು. ಅಂಬರೇಶ ಫೋನ್ ಹಿಡಿದು ಹೈದರಾಬಾದಿನ ಸಾಹೇಬರಿಗೆ ತೋರಿಸುತ್ತಿದ್ದ. ಚಿತ್ರ ಅಲುಗಾಡುತ್ತದೆ, ನೆಟ್ಟಗೆ ಹಿಡಿ ಅಂತ ಸಾಹೇಬರು ಫೋನಿನೊಳಗಿಂದಲೇ ಗದರಿದರು.

ಬುಡದ ಕಡೆ ಹೆಚ್ಚು, ತುದಿಯ ಕಡೆ ಕಡಿಮೆ. ಸವಿತಾ ಹೇಳಿದಲ್ಲಿ ಹಮಾಲರು ಹೂ ಇಟ್ಟ ಹಾಗೆ ಚೀಲ ಇಟ್ಟರು. ದಿನಾ ಬಿಸಾಡುವ ಕೈಗಳು ಅಷ್ಟು ಮೆತ್ತಗೆ ಇಡುವುದನ್ನು ನಾನು ನೋಡಿರಲಿಲ್ಲ. ತೊಲೆ ಬಗ್ಗಿತು. ಇನ್ನೂ ಬಗ್ಗಿತು. ಸವಿತಾ ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿದ್ದಳು. ಬೇಕಾದಷ್ಟು ಭಾರ ಬಿತ್ತು, ಸಾಕು, ಪಾಸು ಅಂತ ಸಾಹೇಬರು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸವಿತಾ ಚೀಲ ಇಳಿಸಲು ಹೇಳಿದಳು. ಇದನ್ನು ಮುರಿಯೋಣ ಅಂದವಳೇ ಅವಳು, ಆ ಹೊತ್ತಿಗೆ ಮನಸ್ಸು ಬಾರದಾಯಿತು.

ನನಗೆ ಸಾಕಾಗಿರಲಿಲ್ಲ. ಐವತ್ತು ಮಂದಿಯ ಗಾಡಿಗೆ ನೂರು ಮಂದಿ ಹತ್ತಿದ್ದನ್ನು ಕಂಡವನು ನಾನು. ಪಾಸಾದದ್ದು ಎಲ್ಲಿಯ ತನಕ ಅಂತ ಗೊತ್ತಾಗಬೇಕು.

"ಇಳಸಬ್ಯಾಡ್ರಿ. ಇನ್ನೊಂದು ಹಾಕ್ರಿ."

ಸವಿತಾ ನನ್ನ ಮುಖ ನೋಡಿದಳು. ನಾನೂ ಅವಳ ಮುಖ ನೋಡಿದೆ. ಆಮೇಲೆ ಹಮಾಲರಿಗೆ ತಲೆ ಆಡಿಸಿದಳು. ಒಂದಾದ ಮೇಲೆ ಒಂದು. ಸತ್ತಾರ್ ಸಾಬ್ ಪ್ರತಿ ಚೀಲಕ್ಕೂ ಒಳಗೆ ಸರೀರಿ, ಒಳಗೆ ಸರೀರಿ ಅಂತ ಹಳೇ ದನಿಯಲ್ಲಿ ಕೂಗುತ್ತಿದ್ದ. ಹಮಾಲರು ನಗುತ್ತಾ ಹೇರಿದರು. ಎತ್ತಿನ ಆಯದ್ದು ಎತ್ತಿನ ಹಾಗೇ ಹೊತ್ತಿತು. ನೋಡುತ್ತಾ ನೋಡುತ್ತಾ ನನ್ನ ಕಣ್ಣಲ್ಲಿ ನೀರು ಬಂತು, ಯಾಕೆ ಅಂತ ತಿಳಿಯಲಿಲ್ಲ, ಬಹಳ ಸಂತೋಷವಾಗುತ್ತಿತ್ತು. ಕೊನೆಗೆ ಪಟಾಕಿ ಹೊಡೆದ ಸದ್ದು. ತೊಲೆ ಮುರಿದು ಹೊಟ್ಟಿನ ಮೂಟೆಗಳ ಮೇಲೆ ಬಿತ್ತು, ಗೋದಾಮಿನ ತುಂಬ ಧೂಳು ಎದ್ದಿತು. ಈರಯ್ಯ ಎಲ್ಲರಿಗಿಂತ ಮೊದಲು ಓಡಿ ಹೋಗಿ ಮುರಿದ ಜಾಗ ಸವರಿದ.

"ಅಂಟು ಬಿಟ್ಟಿಲ್ರೀ ಯಜಮಾನ್ರ. ಕಟಿಗಿ ಮುರದದ, ಅಂಟು ಬಿಟ್ಟಿಲ್ಲ."

ಹಮಾಲರು ಅವನನ್ನು ಎತ್ತಿ ಕುಣಿಸಿದರು. ಎಷ್ಟು ಹೇರಿದರೆ ಮುರಿಯುತ್ತದೆ ಅಂತ ಕಣ್ಣಾರೆ ಕಂಡೆ. ಅಷ್ಟು ಭಾರವನ್ನು ಗಾಳಿ ಯಾವತ್ತೂ ಹೇರುವುದಿಲ್ಲ ಅಂತ ಸಾಹೇಬರು ಹೇಳಿದರು. ಅಂಜಿಕೆ ಪೂರಾ ಹೋಗಿದೆ ಅಂತ ಹೇಳಲಾರೆ, ಆದರೆ ಅದಕ್ಕೂ ಈಗ ಒಂದು ಅಳತೆ ಸಿಕ್ಕಿದೆ.

ಮಾರ್ಚ್ 30, ರವಿವಾರ, ಯುಗಾದಿ

ದೇವದುರ್ಗಕ್ಕೆ ಹೋಗಿದ್ದೆವು. ಬೇವಿನ ಪಾನಕ ಕುಡಿದಾದ ಮೇಲೆ ಶಿವರಾಜ ಲಾವಣಿ ಮಾತೆತ್ತಿದ. ಕಟ್ಟೆಯ ಮೇಲೆ ಓಣಿಯ ಹಿರಿಯರೂ ಕೂತಿದ್ದರು. ಎರಡು ಬದಿಯ ಹೊಲ ಎಂದಿನಂತೆ ನೀನೇ ಮಾಡು, ನಡುವಿನ ಪಟ್ಟಿ ಬಿಡು ಎಂದೆ.

"ನಡುವ ಏನು ಬಿತ್ತತೀರಿ ಕಾಕಾ?"

"ಏನೂ ಬಿತ್ತೂದಿಲ್ಲ. ಸೊಸಿಗಿ ಕೊಟ್ಟೀನಿ. ಆಕಿ ವಿಮಾನ ಇಳಸ್ತಾಳ."

ಒಬ್ಬ ಹಿರಿಯರು ನನಗೆ ನಿವೃತ್ತಿಯಿಂದ ತಲೆಗೆ ಏನಾದರೂ ಆಗಿದೆಯಾ ಅಂತ ಅಂಬರೇಶನನ್ನು ಕೇಳಿದರು. ಅವನು, ಅಪ್ಪ ಹೇಳಿದ್ದು ಸರಿ ಅಂದ. ಏಣಿಗೆ ಹೆದರುವವನಿಗೆ ಇಷ್ಟು ಧೈರ್ಯ ಎಲ್ಲಿತ್ತೋ. ಸವಿತಾ ಒಳಗೆ ಹೋಳಿಗೆ ಬೇಯಿಸುತ್ತಿದ್ದಳು, ಅವಳಿಗೆ ಕೇಳಿಸಿದೆ. ಹೊರಗೆ ಬಂದು ನನ್ನ ತಟ್ಟೆಗೆ ಹೋಳಿಗೆ ಹಾಕಿ ತುಪ್ಪ ಸುರಿಯುತ್ತಲೇ ಹೋದಳು, ಸಾಕು ಅಂದರೂ ನಿಲ್ಲಿಸಲಿಲ್ಲ.

ಸಂಜೆ ಮೂಡಲ ಕಡೆಗೆ ಎಷ್ಟು ಟ್ರಾಲಿ ಗರಸು ಬೇಕು ಅಂತ ನೋಡಿಕೊಂಡು ಬಂದೆ. ಮಳೆಗಾಲಕ್ಕೆ ಮುಂಚೆ ಹಾಕಿಸಿಬಿಡಬೇಕು.

ಏಪ್ರಿಲ್ 6, ರವಿವಾರ

ವಿಮಾನದ ಪರವಾನಗಿಗೆ ದಿಲ್ಲಿಗೆ ಹೋಗುವ ಅರ್ಜಿಯ ಜೊತೆ ತೂಕದ ಲೆಕ್ಕ ಕಳಿಸಬೇಕಂತೆ. ಎಂಜಿನ್ ಇಷ್ಟು, ಎಣ್ಣೆ ಇಷ್ಟು, ಕೂರುವವರು ಇಷ್ಟು ಅಂತ. ಗೋದಾಮಿನಲ್ಲಿ ಸವಿತಾ ಪೆನ್ನು ಹಿಡಿದು ನನ್ನ ತೂಕ ಕೇಳಿದಳು. ನನ್ನದು ಯಾಕೆ, ಅಂಬರೇಶನದು ಹಾಕು ಎಂದೆ.

"ಅವರು ಕೆಳಗ ನಿಂತು ಫೋಟೋ ಹಿಡೀತೀನಿ ಅಂದಾರ. ಹಿಂದಿನ ಸೀಟು ನಿಮ್ಮದು ಮಾವಾ. ಮೊದಲಿಂದಾನೂ ಹಂಗೇ ಮಾಡೀನಿ."

ಗಿರಣಿಯಲ್ಲಿ ಚೀಲ ತೂಗುವ ಕಾಟಾದ ಕಡೆಗೆ ನಡೆದೆ. ಚಪ್ಪಲಿ ಬಿಟ್ಟೆ. ಕಿಸೆಯ ಬೀಗದ ಕೈ, ಫೋನು, ಎಲೆ ಅಡಿಕೆ ಚೀಲ ಎಲ್ಲ ತೆಗೆದು ಸತ್ತಾರ್ ಸಾಬನ ಕೈಗೆ ಕೊಟ್ಟು ಮೇಲೆ ನಿಂತೆ. ಅವನು ಮುಳ್ಳು ನೋಡಿ, ಡ್ರೈವರ್ ಸಾಬ್ ಅರ್ಧ ಟಿಕೇಟಿಗೆ ಬರೂದಿಲ್ಲ ಅಂತ ಜೋರಾಗಿ ಕೂಗಿದ. ಸವಿತಾ ಎಣಿಸಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇತ್ತು. ನಡೀತದ ಅಂತ ಬರೆದುಕೊಂಡಳು.

ರಾತ್ರಿ ಊಟಕ್ಕೆ ಕೂತಾಗ ಹಂಪಮ್ಮ ಎರಡನೇ ರೊಟ್ಟಿ ಹಾಕಲು ಬಂದಳು. ಬೇಡ, ಹಸಿವಿಲ್ಲ ಎಂದೆ. ಹಸಿವು ಬಹಳ ಇತ್ತು.